ಮೆಣಸಿನಕಾಯಿ ರಾಶಿಯಲ್ಲಿ ಒಣಗಿದ ವಾಚು

ಆ ಬಚ್ಚಲಲ್ಲಿ ನಾನಿರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಯುಗಾದಿಯ ಬೆಳಗು, ಬ್ಯಾಡಗಿಯಲ್ಲಿ ನನ್ನ ತಂಗಿಯ ಮನೆ. ಒಳಗೆ ನನ್ನ ಹೆಂಡತಿ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕುಳಿತಿದ್ದಳು, ತಂಗಿ ಬೇವಿನೆಲೆ ಹಾಕಿ ಕಾಯಿಸಿದ ನೀರನ್ನು ತಂಬಿಗೆಯಲ್ಲಿ ಮೊಗೆದು ಅವಳ ತಲೆಗೆ ಎರೆಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದುಕೊಂಡಿದ್ದೆ. ಆದರೂ ನನಗೆ ಎಲ್ಲ ನೆನಪಿದೆ. ಉಗಿ, ಸೀಗೆಪುಡಿಯ ವಾಸನೆ, ಕೈಗಡಿಯಾರದ ಗಾಜಿಗೆ ಅಂಟಿಕೊಂಡ ಒಂದು ಬೇವಿನೆಲೆ. ಇಬ್ಬರು ಹೇಳಿದ್ದನ್ನು ಕೇಳಿ ಕೇಳಿ ಮೂರನೆಯವನಲ್ಲಿ ಹುಟ್ಟಿಕೊಂಡ ನೆನಪು ಇದು. ಬೇವಿನೆಲೆಯ ಮಾತು ಯಾರು ಹೇಳಿದ್ದು ಎಂದು ಕೇಳಿದರೆ ಇಬ್ಬರೂ ತಾವಲ್ಲ ಎನ್ನುತ್ತಾರೆ. ಹಾಗಾದರೆ ಅದು ನನ್ನದೇ ಇರಬೇಕು. ಇರಲಿ, ತೆಗೆಯುವುದಿಲ್ಲ.

ಅತ್ತಿಗೆಯನ್ನು ವೈನಿ ಎನ್ನುವ ತಂಗಿ ಹೇಳುವುದು ಹೀಗೆ: "ನಾ ಹೇಳಿದ್ನಿ ವೈನಿಗೆ, ಕೈಯಾಗಿನ ವಾಚು ತಗೀರಿ, ನೀರು ಹೊಕ್ಕತೈತಿ ಅಂತ. ಬೆನ್ನ ಹಿಂದ ನಿಂತು ಮತ್ತ ಮತ್ತ ಹೇಳಿದ್ನಿ. ಹೂಂ ಇಲ್ಲ, ಹಾಂ ಇಲ್ಲ. ಆತ್ ಬಿಡು, ದೊಡ್ಡವರ ಮರ್ಜಿ ಅಂತ ಸುರದಬಿಟ್ನಿ."

ಹೆಂಡತಿ ಹೇಳುವುದು ಹೀಗೆ: "ಆಕಿ ಏನೂ ಹೇಳಿಲ್ಲ. ಹೇಳಿದ್ರ ನಾ ತಗೀತಿರ್ಲಿಲ್ಲೇನು?"

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ನನ್ನ ಹೆಂಡತಿಗೆ ಕಿವಿ ಸರಿಯಾಗಿ ಕೇಳಿಸದೆ ಕೆಲವು ವರ್ಷಗಳೇ ಆಗಿವೆ. ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ಒಂದೊಂದು ಸಲ ಒಂದೊಂದು ಹೇಳುತ್ತೇನೆ. ಕುಕ್ಕರ್ ಕೂಗಿ ಕೂಗಿ ಅನ್ನ ಸೀದ ದಿನ ಎನ್ನುತ್ತೇನೆ. ಬಾಗಿಲು ಬಡಿದು ಬಡಿದು ಬೇಸತ್ತ ಹಾಲಿನವನು ಕಟ್ಟೆಯ ಮೇಲೆ ಹಾಲಿಟ್ಟು ಹೋಗಿ, ಬೆಕ್ಕು ಕುಡಿದ ದಿನ ಎನ್ನುತ್ತೇನೆ. ಖರೇ ಹೇಳಬೇಕೆಂದರೆ ಅದಕ್ಕೊಂದು ದಿನ ಅಂತ ಇರಲಿಲ್ಲ. ಮನೆಯ ಮಾತುಗಳು ಮೆಲ್ಲಗೆ ಒಂದೊಂದಾಗಿ ಅವಳಿಗೆ ತಲುಪದೆ ಹೋದವು, ಅಷ್ಟೇ. ಅದರ ಬದಲು ಅವಳು ಯಾರೂ ಕಲಿಸದೆಯೇ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು. ಎದುರಿಗೆ ಕುಳಿತು, ಬೆಳಕಿನಲ್ಲಿ ಮಾತಾಡಿದರೆ ಅವಳಿಗೆ ಏನೂ ತಪ್ಪುವುದಿಲ್ಲ. ನಮಗಿಂತ ಮುಂಚೆ ನಗುತ್ತಾಳೆ. ಬೆನ್ನ ಹಿಂದಿನಿಂದ ಕರೆದರೆ ಗೋಡೆಯನ್ನು ಕರೆದಂತೆ.

ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿದೆವು. ಕಿವಿಗೆ ಹಾಕುವ ಮಷೀನು ತಂದೆವು. ಅದನ್ನು ಹಾಕಿಕೊಂಡು ಒಂದು ದಿನ ರಾಣೆಬೆನ್ನೂರಿನ ಸಂತೆಗೆ ಹೋಗಿ ಬಂದವಳು, "ಎಲ್ಲಾ ಕೇಳತೈತ್ರಿ. ಮಂದಿ ಮಾತೊಂದ ಬಿಟ್ಟು," ಎಂದು ಅದನ್ನು ಡಬ್ಬಿಗೆ ಹಾಕಿ ಟ್ರೆಜರಿ ಕಪಾಟಿನಲ್ಲಿಟ್ಟಳು. ಮತ್ತೆ ತೆಗೆಯಲಿಲ್ಲ. ಯಾರಿಗೂ ಹೇಳಬಾರದೆಂದು ನನ್ನಿಂದಲೂ ಮಗಳಿಂದಲೂ ಮಾತು ತೆಗೆದುಕೊಂಡಳು. "ಒಮ್ಮೆ ಕಿವುಡಿ ಅಂದ್ರಂದ್ರ ಮುಗೀತು. ಆಮ್ಯಾಲ ನಾ ಏನ ಕೇಳಿದ್ರೂ ಕೈಸನ್ನಿ ಮಾಡ್ತಾರ. ಏನೂ ಹೇಳಂಗಿಲ್ಲ, ಬರೇ ತಲಿ ಅಲ್ಲಾಡಸ್ತಾರ."

ನಾವಿಬ್ಬರೇ ಇದ್ದಾಗ ನಾನು ಕೂಗಬೇಕಾಯಿತು. ಕೂಗಿಕೊಂಡು ಪ್ರೀತಿಯ ಮಾತಾಡಲು ಬರುವುದಿಲ್ಲ. ಯಾರಾದರೂ ಮಾಡಿ ನೋಡಲಿ. "ಚಹಾ ಕುಡೀತೀಯೇನು" ಎಂದು ಗಂಟಲು ಹರಿಯುವಂತೆ ಕೇಳಿದರೆ ಅದು ಚಹಾದ ಮಾತಾಗಿ ಉಳಿಯುವುದಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದಳು, ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಒಂದು ದಿನ ಪಕ್ಕದ ಮನೆಯ ಹಿರಿಯ ಹೆಂಗಸು, ಬಾಯಿಯವರು, ಗೇಟಿನಲ್ಲಿ ನನ್ನನ್ನು ತಡೆದು, "ಮನ್ಯಾಗ ಎಲ್ಲಾ ಆರಾಮ ಹೌದಲ್ಲರಿ?" ಎಂದು ಕೇಳಿದರು. ಅವರ ದನಿಯಲ್ಲಿ ನನ್ನ ಹೆಂಡತಿಯ ಮೇಲಿನ ಮರುಕವಿತ್ತು, ನನ್ನ ಮೇಲೆ ಏನಿತ್ತೆಂದು ಬರೆಯಬೇಕಾಗಿಲ್ಲ.

ಆಗ ಮಗಳು ಈ ವಾಚು ತಂದಳು. ಅವಳು ಹಾವೇರಿಯ ಕೋರ್ಟಿನಲ್ಲಿ ವಕೀಲಳು. ವಾದ ಹೂಡುವುದು ಗೊತ್ತು. "ಅವ್ವಾ, ಇದು ಹೆಜ್ಜಿ ಎಣಸೂದು, ಶುಗರ್ ಇದ್ದವರಿಗೆ ಛಲೋ," ಎಂದು ಅವ್ವನ ಕೈಗೆ ಕಟ್ಟಿಬಿಟ್ಟಳು. ಬೆಣ್ಣೆ ಬಣ್ಣದ ಪಟ್ಟಿಯ, ಚೌಕ ಮುಖದ ಸ್ಮಾರ್ಟ್ ವಾಚು. ಹೆಜ್ಜೆ ಎಣಿಸಿತೋ ಇಲ್ಲವೋ ಯಾರೂ ನೋಡಲಿಲ್ಲ. ನಾವು ಬಳಸಿಕೊಂಡದ್ದು ಬೇರೆಯದನ್ನು. ಅವಳ ಫೋನಿಗೆ ನಾನು ಕಾಲ್ ಮಾಡಿದರೆ, ಅವಳ ಮಣಿಕಟ್ಟಿನ ಮೇಲೆ ವಾಚು ನಡುಗುತ್ತಿತ್ತು. ಫೋನು ಎಲ್ಲೋ ಅಡುಗೆಮನೆಯ ಗೂಡಿನಲ್ಲಿ ಸದ್ದಿಲ್ಲದೆ ಬಿದ್ದಿರುತ್ತಿತ್ತು. ಸುದ್ದಿ ಮಾತ್ರ ಕೈಗೆ ಬರುತ್ತಿತ್ತು. ಒಮ್ಮೆ ಒತ್ತಿ ಕಟ್ ಮಾಡಿದರೆ, ಹೊಳ್ಳಿ ನೋಡು, ನಾನಿಲ್ಲೇ ಇದ್ದೇನೆ ಎಂದರ್ಥ. ನನ್ನ ಬಿತ್ತನೆ ಬೀಜದ ಅಂಗಡಿ ಮುಚ್ಚಿ ಹೊರಡುವಾಗಲೂ ಒಮ್ಮೆ ಒತ್ತುತ್ತಿದ್ದೆ. ಅದಕ್ಕೆ ಅರ್ಥ, ಹಾಲು ಒಲೆಗಿಡು.

ನಾನು ಬಾಗಿಲಲ್ಲಿ ನಿಂತು ಒತ್ತುತ್ತೇನೆ. ಅವಳು ಮೊದಲು ತನ್ನ ಕೈ ನೋಡಿಕೊಳ್ಳುತ್ತಾಳೆ, ಆಮೇಲೆ ತಿರುಗುತ್ತಾಳೆ. ಯಾರು ಕರೆದದ್ದೆಂದು ತಿರುಗುವ ಮೊದಲೇ ಗೊತ್ತಿರುವುದರಿಂದ ಮುಖ ಅದಕ್ಕೆ ತಯಾರಾಗಿರುತ್ತದೆ. ಬೆಚ್ಚುವುದಿಲ್ಲ. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ನನಗೆ ಅಂಥ ಒಂದು ಮುಖ ಹೊಸದಾಗಿ ಸಿಕ್ಕಿತ್ತು. ಕೆಲಸವಿಲ್ಲದಾಗಲೂ ಒತ್ತುತ್ತಿದ್ದೆ. "ಏನು?" ಎನ್ನುತ್ತಿದ್ದಳು. "ಏನಿಲ್ಲ" ಎನ್ನುತ್ತಿದ್ದೆ. ಆ ವಾಚಿಗೆ ಏನಾದರೂ ಆದರೆ ಮತ್ತೆ ಕೂಗುವ ಮನೆಗೆ ಮರಳಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಅವಳು ಅದನ್ನು ಸ್ನಾನಕ್ಕೆ, ಚಾರ್ಜಿಗೆ ಬಿಟ್ಟರೆ ನಿದ್ದೆಯಲ್ಲೂ ಬಿಚ್ಚುತ್ತಿರಲಿಲ್ಲ.

ಇನ್ನು ಬ್ಯಾಡಗಿ.

ತಂಗಿಯ ಗಂಡ ಮೆಣಸಿನಕಾಯಿ ವ್ಯಾಪಾರಸ್ಥ. ಮನೆಯ ಹಿಂದೆ ತಗಡಿನ ದೊಡ್ಡ ಶೆಡ್ಡು. ಅಲ್ಲಿ ಮೊಣಕಾಲೆತ್ತರಕ್ಕೆ ಕೆಂಪು ಕಾಯಿಯ ರಾಶಿ, ಅದರ ಸುತ್ತ ಕುಳಿತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳು. ತಂಗಿಯೇ ಅವರ ಮೇಸ್ತ್ರಿ. ಬ್ಯಾಡಗಿಯ ಕಾಯಿ ಖಾರಕ್ಕಲ್ಲ, ಬಣ್ಣಕ್ಕೆ ಹೆಸರಾದದ್ದು. ಆದರೂ ರಾಶಿಯ ಹತ್ತಿರ ಕುಳಿತರೆ ಘಾಟು ಯಾರನ್ನೂ ಬಿಡುವುದಿಲ್ಲ. ಹಾಗಾಗಿ ಶೆಡ್ಡಿನೊಳಗೆ ಎಲ್ಲರೂ ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಕಣ್ಣು ಮಾತ್ರ ಕಾಣುತ್ತವೆ. ಮಾತು ಬಟ್ಟೆಯೊಳಗಿಂದಲೇ ನಡೆಯುತ್ತದೆ: ಸೊಸೆಯರ ಸುದ್ದಿ, ಬೀಗರ ಸುದ್ದಿ, ಎಲ್ಲ.

ನನ್ನ ಹೆಂಡತಿಗೆ ಲೋಕದಲ್ಲಿ ಇದಕ್ಕಿಂತ ಕಷ್ಟದ ಜಾಗ ಇರಲಾರದು. ಒಂದು ಶೆಡ್ಡಿನ ತುಂಬ ಜನ, ಒಬ್ಬರಿಗೂ ತುಟಿಯಿಲ್ಲ.

ಮೊದಲು ಅವಳಿಗೆ ಆ ಶೆಡ್ಡು ಬಹಳ ಇಷ್ಟವಿತ್ತು. ಬ್ಯಾಡಗಿಗೆ ಹೋದರೆ ಒಳಗೆ ಕುಳಿತುಕೊಳ್ಳದೆ ಸೀದಾ ಅಲ್ಲಿಗೆ ಹೋಗಿ ತಾನೂ ತೊಟ್ಟು ಬಿಡಿಸುತ್ತ ಕೂರುತ್ತಿದ್ದಳು. ಕಿವಿ ಹೋದ ಮೇಲೂ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಯಾಕೆಂದು ಕೇಳುತ್ತಾರಲ್ಲ. ತಂಗಿ ಹಿಂದಿನಿಂದ ಕರೆಯುವಳು, ಇವಳು ತಿರುಗುವುದಿಲ್ಲ. ತಂಗಿ ಬಟ್ಟೆಯೊಳಗಿಂದ ಏನೋ ಕೇಳುವಳು, ಇವಳು ಸುಮ್ಮನೆ ನಗುವಳು ಅಥವಾ "ಹೌದು" ಎನ್ನುವಳು. ಒಂದು ಸಲ ತಂಗಿ, "ನಿಮ್ಮಷ್ಟು ಶಾಣ್ಯಾತನ ನನಗಿಲ್ಲ ಬಿಡ್ರಿ ವೈನಿ," ಎಂದಳಂತೆ. ಇವಳು "ಹೌದು" ಎಂದಳಂತೆ.

ಆ ಸಂಜೆ ತಂಗಿ ನನ್ನನ್ನು ಹಿತ್ತಲಿಗೆ ಕರೆದು ಕಣ್ಣೀರು ಹಾಕಿದಳು. "ಅಣ್ಣಾ, ವೈನಿಗೆ ನಮ್ಮ ಮನಿ ಹಿಡಸೂದಿಲ್ಲ. ಕರದ್ರ ಹೊಳ್ಳಿ ನೋಡಂಗಿಲ್ಲ. ನಾ ಏನ್ ತಪ್ಪ ಮಾಡೇನಿ ಹೇಳು? ಚಾಕರಿಯವರ ಮುಂದ ನನ್ನ ಮರ್ಯಾದಿ ಹೋಗತೈತಿ." ನಾನು ಹೇಳಲಾಗಲಿಲ್ಲ. ಮಾತು ಕೊಟ್ಟಿದ್ದೆ. "ಆಕಿ ಸ್ವಭಾವ ಹಂಗ," ಎಂದೆ. ಇಷ್ಟು ಕೆಟ್ಟ ಉತ್ತರವನ್ನು ನಾನು ಬೇರೆಲ್ಲೂ ಕೊಟ್ಟ ನೆನಪಿಲ್ಲ.

ವಾಚು ಬಂದ ಮೇಲೆ ಶೆಡ್ಡಿನಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. ಮೂಲೆಯ ಖಾಲಿ ಚೀಲಗಳ ಮೇಲೆ ಕೂತು ಕಿಸೆಯಲ್ಲಿ ಫೋನು ಹಿಡಿದಿರುತ್ತಿದ್ದೆ. ತಂಗಿ "ವೈನಿ" ಎಂದಕೂಡಲೇ ಒತ್ತುತ್ತಿದ್ದೆ. ಹೆಂಡತಿ ಕೈ ನೋಡಿಕೊಂಡು, ನನ್ನತ್ತ ನೋಡಿ, ನನ್ನ ಗದ್ದ ತೋರಿಸಿದ ಕಡೆಗೆ ತಿರುಗಿ, "ಏನ ಹುಡುಗಿ?" ಎನ್ನುತ್ತಿದ್ದಳು. ತಂಗಿಗೆ ಈಗ ಮೊಮ್ಮಗಳಿದ್ದಾಳೆ. ಆದರೆ ನನ್ನ ಹೆಂಡತಿ ಮದುವೆಯಾಗಿ ನಮ್ಮ ಮನೆಗೆ ಬಂದಾಗ ಲಂಗ ಹಾಕಿಕೊಂಡಿದ್ದ ಈ ನಾದಿನಿ ಅವಳಿಗೆ ಇನ್ನೂ ಹುಡುಗಿಯೇ. ತಂಗಿ ಹತ್ತಿರ ಬಂದು ಎದುರಿಗೆ ಕೂತರೆ ಉಳಿದದ್ದನ್ನು ಹೇಗೋ ಸಾಗಿಸುತ್ತಿದ್ದಳು. ಕಣ್ಣು, ಹುಬ್ಬು, ಕೈ ಎಲ್ಲ ಓದುತ್ತಿದ್ದಳು. "ಈ ವರ್ಷ ವೈನಿ ಭಾಳ ಮೆತ್ತಗ ಆಗ್ಯಾರ ಅಣ್ಣ," ಎಂದು ತಂಗಿ ನನ್ನ ಕಿವಿಯಲ್ಲಿ ಹೇಳಿದಳು. ಆಕೆಗೆ ಎಷ್ಟು ಸಂತೋಷವಾಗಿತ್ತೆಂದರೆ, ಯುಗಾದಿಗೆ ವೈನಿಗೆ ತಾನೇ ಎಣ್ಣೆ ಹಚ್ಚಿ ಎರೆಯುತ್ತೇನೆಂದು ಹಟ ಹಿಡಿದು ನಮ್ಮನ್ನು ಕರೆಸಿಕೊಂಡಳು.

ಹೀಗೆ ವಾಚಿಗೆ ನೀರು ಹೊಕ್ಕಿತು. ಬರೀ ನೀರಲ್ಲ: ಬಿಸಿನೀರು, ಉಗಿ, ಎಣ್ಣೆ, ಸೀಗೆಪುಡಿ. ಮಳೆಯಲ್ಲಿ ನೆನೆದರೂ ಕೈ ತೊಳೆದರೂ ಏನೂ ಆಗದ ವಾಚು ಅದು. ಬಚ್ಚಲಿನ ಉಗಿಯನ್ನು ಮಾತ್ರ ತಡೆಯುವುದಿಲ್ಲವೆಂದು ಆಮೇಲೆ ಮಗಳಿಂದ ಗೊತ್ತಾಯಿತು.

ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದ ಹೆಂಡತಿ ನನ್ನತ್ತ ನೋಡಿದಳು. "ಏನು?" ಎಂದಳು. ನಾನು ಒತ್ತಿರಲಿಲ್ಲ. ದೇವರ ಮನೆಯ ಬಾಗಿಲಲ್ಲಿ ಮತ್ತೆ ತಿರುಗಿದಳು. "ಏನ್ರೀ?" ವಾಚು ತಾನೇ ತಾನಾಗಿ ನಡುಗುತ್ತಿತ್ತು. ಒಳಗೆ ಸೇರಿದ ನೀರು ಅದರ ಮುಖವನ್ನು ಬೆರಳಿನಂತೆ ಮುಟ್ಟುತ್ತಿತ್ತು. ಗಾಜಿನ ಹಿಂದೆ ಮಂಜು ಕಟ್ಟಿ, ಅದರಡಿಯಲ್ಲಿ ಚಿತ್ರಗಳು ಹಿಂದೆ ಮುಂದೆ ಓಡಾಡುತ್ತಿದ್ದವು. ಪ್ರತಿ ಸಲ ನಡುಗಿದಾಗಲೂ ಅವಳು ತಿರುಗುತ್ತಿದ್ದಳು. ಒಮ್ಮೆ ನನ್ನತ್ತ, ಒಮ್ಮೆ ತಂಗಿಯತ್ತ, ಒಮ್ಮೆ ಯಾರೂ ಇಲ್ಲದ ಬಾಗಿಲತ್ತ. ತಂಗಿ ನನ್ನನ್ನು ನೋಡಿ, "ವೈನಿ ಯಾಕ ಹಿಂಗ ಮಾಡಾಕತ್ತಾರ? ಯಾರೂ ಕರದಿಲ್ಲಲ್ಲ," ಎಂದಳು.

ನಾನು ವಾಚು ಬಿಚ್ಚಿಸಿಕೊಂಡು ಮಗಳಿಗೆ ಫೋನು ಮಾಡಿದೆ.

"ಪಪ್ಪಾ, ಮೊದಲ ಬಂದ್ ಮಾಡ್ರಿ. ಚಾರ್ಜಿಗೆ ಹಾಕಬ್ಯಾಡ್ರಿ, ಸುಡತೈತಿ. ಪಟ್ಟಿ ಬಿಚ್ಚಿ, ಮೆತ್ತನ್ನ ಅರಿವಿಲೆ ಒರಸ್ರಿ. ಸೀಗಿಪುಡಿ ಏನರ ಉಳದಿದ್ರ ಅರಿವಿ ತುದಿ ಚೂರು ಹಸಿ ಮಾಡಿ ತಗೀರಿ, ಮತ್ತ ಒಣ ಅರಿವಿ ಹಚ್ರಿ. ಆಮ್ಯಾಲ ಫ್ಯಾನಿನ ಗಾಳಿಗೆ ಇಟ್ಟು ಮರತಬಿಡ್ರಿ. ಬಿಸಲಿಗೆ ಬ್ಯಾಡ, ಒಲಿ ಹತ್ರ ಬ್ಯಾಡ, ಕೂದಲಾ ಒಣಸೂ ಮಷೀನೂ ಬ್ಯಾಡ."

"ಅಕ್ಕ್ಯಾಗ ಇಡ್ತಾರಂತಲ್ಲ?"

"ಅಕ್ಕಿನೂ ಬ್ಯಾಡ. ಧೂಳು ಹೋಗಿ ಸಣ್ಣ ತೂತಿನ್ಯಾಗ ಕುಂದರತೈತಿ. ಗಾಳಿ. ಬರೇ ಗಾಳಿ. ಅವ್ವ ಹೆಂಗದಾಳ?"

ಅವ್ವ ಅಡುಗೆಮನೆಯ ಬಾಗಿಲಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿಂದಿನಿಂದ ಯಾರೂ ಬರಲಾಗದಂಥ ಜಾಗವನ್ನು ಹುಡುಕಿಕೊಂಡಿದ್ದಳು.

ಬಂದ್ ಮಾಡಲು ನನ್ನಿಂದ ಆಗಲಿಲ್ಲ. ಬಂದ್ ಮಾಡಲೇ ಎಂದು ವಾಚು ಕೇಳುತ್ತಿತ್ತು, ನಾನು ಹೌದು ಒತ್ತುವ ಮೊದಲೇ ಒಳಗಿನ ನೀರು ಬೇಡ ಒತ್ತುತ್ತಿತ್ತು. ಕೊನೆಗೆ ಅದು ತಾನೇ ಸುಮ್ಮನಾಯಿತು, ಮುಖ ಕಪ್ಪಾಯಿತು. ಬಂದ್ ಆಯಿತೆಂದುಕೊಂಡೆ. ಒರೆಸಿ, ಪಡಸಾಲೆಯ ಟೇಬಲ್ ಫ್ಯಾನಿನ ಮುಂದೆ ಒಗೆದ ಧೋತರದ ತುಂಡಿನ ಮೇಲೆ ಮಲಗಿಸಿ, ಹೋಳಿಗೆ ಊಟಕ್ಕೆ ಎದ್ದೆ. ಪಟ್ಟಿ ಬಿಚ್ಚಿದೆನೋ ಇಲ್ಲವೋ? ಬಿಚ್ಚಿದೆ ಎಂದು ನನಗೆ ಖಾತ್ರಿಯಿತ್ತು. ಮರುದಿನ ಸಿಕ್ಕಾಗ ಪಟ್ಟಿ ವಾಚಿಗೇ ಇತ್ತು.

ಸಿಕ್ಕಾಗ ಎಂದು ಯಾಕೆ ಬರೆದೆನೆಂದರೆ, ಮರುದಿನ ಬೆಳಿಗ್ಗೆ ಫ್ಯಾನಿನ ಮುಂದೆ ಧೋತರದ ತುಂಡು ಮಾತ್ರ ಹಾರಾಡುತ್ತಿತ್ತು.

"ವಾಚ್ ಎಲ್ಲೇತಿ?" ಎಂದೆ ತಂಗಿಗೆ.

"ಒಣಗಾಕ ಇಟ್ಟೇನಿ."

"ನಾ ಇಟ್ಟಿದ್ನಲ್ಲ ಫ್ಯಾನಿಗೆ?"

"ಫ್ಯಾನಿಗೆ ಏನ್ ಒಣಗತೈತಿ ಅಣ್ಣ, ನಿಂದೊಂದು. ಕಾಯಾಗ ಇಟ್ಟೇನಿ."

"ಮೆಣಸಿನಕಾಯಾಗ?"

"ಮತ್ತ? ಮಂದಿ ಅಕ್ಕ್ಯಾಗ ಇಡ್ತಾರ, ಅವರ ಹತ್ರ ಕಾಯಿ ಇರಂಗಿಲ್ಲ, ಅದಕ್ಕ. ಮ್ವಾಡ ಕವೀಲಿ, ಗಾಳ್ಯಾಗಿನ ನೀರು ಕುಡದು ನಮ್ಮ ಕಾಯಿ ಹೆಂಗ ಮೆತ್ತಗ ಆಗ್ತಾವು ನೋಡೀದಿಲ್ಲ? ಮಳಿಗಾಲದಾಗ ಅದರ ಸಲುವಾಗಿ ನಮ್ಮ ಮನಿಯವರಿಗೆ ನಿದ್ದಿ ಬರಂಗಿಲ್ಲ. ಅಂಥಾ ಕಾಯಿ ಒಂದ ವಾಚಿನ ನೀರು ಕುಡಿಯಂಗಿಲ್ಲೇನು?"

ಬ್ಯಾಡಗಿಯಲ್ಲಿ ಹುಟ್ಟುವ ತಪ್ಪು ವಾದವೂ ಬ್ಯಾಡಗಿ ಕಾಯಿಯ ಬಣ್ಣದಷ್ಟೇ ಗಟ್ಟಿಯಾಗಿರುತ್ತದೆ. ವೈನಿಯ ವಾಚು ತನ್ನ ಕೈಯಿಂದ ಕೆಟ್ಟಿತಲ್ಲ ಎಂಬ ಸಂಕಟಕ್ಕೆ ತಂಗಿ ಶೆಡ್ಡಿನಲ್ಲಿದ್ದುದರಲ್ಲೇ ಒಳ್ಳೆಯ, ಗರಿಗರಿಯಾದ ಕಾಯಿಯ ರಾಶಿಯನ್ನು ಆರಿಸಿ, ಅದರ ನಡುವೆ ಮೊಣಕೈವರೆಗೆ ಕೈಹಾಕಿ ವಾಚನ್ನು ಹುಗಿದಿದ್ದಳು.

ನಾವು ಶೆಡ್ಡಿಗೆ ಹೋಗುವಷ್ಟರಲ್ಲಿ ಹೆಣ್ಣುಮಕ್ಕಳು ಬಂದು ಮುಖಕ್ಕೆ ಬಟ್ಟೆ ಕಟ್ಟಿ ಕೂತಾಗಿತ್ತು. ಹಬ್ಬದ ಮರುದಿನವಾದ್ದರಿಂದ ಎಲ್ಲರೂ ಬಂದಿರಲಿಲ್ಲ. ಬಂದವರು ರಾಶಿಯನ್ನು ಅತ್ತಿತ್ತ ಎಳೆದುಕೊಂಡು ಕೆಲಸ ಶುರುಮಾಡಿದ್ದರು. ನಡು ಯಾವುದು, ಅಂಚು ಯಾವುದು, ಈಗ ತಂಗಿಗೂ ತಿಳಿಯಲಿಲ್ಲ. "ಇಲ್ಲೇ ಇತ್ತು," ಎಂದಳು. ಆಮೇಲೆ, "ಅಲ್ಲಲ್ಲ, ಅಲ್ಲೆ." ಎಲ್ಲರೂ ಕೈಹಾಕಿ ಹುಡುಕತೊಡಗಿದರು. ಧೂಳೆದ್ದಿತು. ನನ್ನ ಹೆಂಡತಿಯೂ ಸೆರಗಿನಿಂದ ಮೂಗು ಮುಚ್ಚಿಕೊಂಡು ರಾಶಿಯ ಪಕ್ಕ ಮಂಡಿಯೂರಿ, ಒಂದೊಂದು ಹಿಡಿ ಕಾಯನ್ನು ಹಗುರವಾಗಿ ತೆಗೆದು ಪಕ್ಕಕ್ಕಿಡುತ್ತಿದ್ದಳು. ಆ ರಾಶಿಯಲ್ಲಿ ಹೋದದ್ದು ಏನೆಂದು ಅಲ್ಲಿದ್ದವರಲ್ಲಿ ನಮ್ಮಿಬ್ಬರಿಗೇ ಗೊತ್ತಿತ್ತು.

ತಂಗಿ ಅವಳ ಬೆನ್ನ ಹಿಂದೆ ನಿಂತು ಹೇಳಿದಳು, "ವೈನಿ, ಅಲ್ಲಿ ಬ್ಯಾಡ, ಈ ಕಡೆ ಬರ್ರಿ."

ಹೆಂಡತಿ ಹುಡುಕುತ್ತಲೇ ಇದ್ದಳು.

"ವೈನಿ!"

ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ವಾಚು ಅವಳ ಕೈಯಲ್ಲಿಲ್ಲ ಎಂಬುದು ತಲೆಗೆ ಬರುವ ಮೊದಲೇ ಬೆರಳು ಕಿಸೆಯಲ್ಲಿ ಒತ್ತಿಬಿಟ್ಟಿತು.

ರಾಶಿಯೊಳಗೆ ವಾಚು ನಡುಗಿತು. ಅದು ಬಂದ್ ಆಗಿರಲಿಲ್ಲ. ಮುಖ ಕಪ್ಪಾಗಿ ಸುಮ್ಮನೆ ಮಲಗಿತ್ತು, ಅಷ್ಟೇ. ಚೆನ್ನಾಗಿ ಒಣಗಿದ ಕಾಯಿಯೊಳಗೆ ಬೀಜ ಸಡಿಲವಾಗಿರುತ್ತವೆ. ಅಲುಗಾಡಿಸಿದರೆ ಕೂಸಿನ ಗಿಲಕಿಯಂತೆ ಸದ್ದಾಗುತ್ತದೆ. ವಾಚಿನ ಸುತ್ತಲಿದ್ದ ಕಾಯಿಗಳೆಲ್ಲ ಒಟ್ಟಿಗೆ ಗಿಲಗಿಲ ಎಂದವು. ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇಲಿ! ಇಲಿ ಬೇ!" ಎಂದು ಒಬ್ಬಾಕೆ ಸೀರೆ ಎತ್ತಿಕೊಂಡು ಹಾರಿ ನಿಂತಳು.

ನನ್ನ ಹೆಂಡತಿಯೊಬ್ಬಳು ತಿರುಗಲಿಲ್ಲ. ಸದ್ದು ಅವಳ ಮೊಣಕೈಗೆ ತಾಕುವಷ್ಟು ಹತ್ತಿರವಿತ್ತು. ಅವಳು ಇನ್ನೊಂದು ಹಿಡಿ ಕಾಯಿ ತೆಗೆದು ಪಕ್ಕಕ್ಕಿಟ್ಟಳು.

ತಂಗಿ ರಾಶಿ ನೋಡಿದಳು, ವೈನಿಯನ್ನು ನೋಡಿದಳು, ಆಮೇಲೆ ನನ್ನ ಕಿಸೆಯನ್ನು ನೋಡಿದಳು.

"ಅಣ್ಣಾ," ಎಂದಳು ಮೆಲ್ಲಗೆ, "ಅದನ್ನ ಇನ್ನೊಮ್ಮೆ ಮಾಡು."

ನಾನು ಮತ್ತೆ ಒತ್ತಿದೆ. ಕಾಯಿ ಮತ್ತೆ ಗಿಲಗಿಲ ಎಂದವು. ಈ ಸಲ ತಂಗಿ ರಾಶಿಯ ಕಡೆ ನೋಡಲೇ ಇಲ್ಲ. ವೈನಿಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ರಾಶಿಯನ್ನು ಸುತ್ತುಹಾಕಿ ಬಂದು, ಅವಳ ಎದುರಿಗೆ ಕೂತು, ತನ್ನ ಮುಖದ ಬಟ್ಟೆಯನ್ನು ಗದ್ದದ ಕೆಳಗೆ ಎಳೆದುಕೊಂಡಳು.

"ವೈನಿ, ಎಷ್ಟ ದಿನಾ ಆತು?"

ಹೆಂಡತಿ ಮೊದಲು ನನ್ನತ್ತ ನೋಡಿದಳು. ನಾನು ಹೇಳಿಲ್ಲವೆಂದು ತಲೆಯಾಡಿಸಿದೆ.

"ಏನು ಎಷ್ಟ ದಿನಾ?" ಎಂದಳು.

"ಕೇಳಸಲಾರದ್ದು."

ಹೆಂಡತಿ ಸೆರಗಿನಿಂದ ಮುಖವನ್ನು ಒರೆಸಿಕೊಂಡಳು. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರಿತ್ತು. ಯಾವುದು ಯಾವ ನೀರೆಂದು ಹೇಳುವಂತಿರಲಿಲ್ಲ. "ಯಾರಿಗೂ ಹೇಳಬ್ಯಾಡ ಹುಡುಗಿ," ಎಂದಳು.

"ಇನ್ನ ಯಾರಿಗೆ ಹೇಳ್ಲಿ? ಎಲ್ಲಾರೂ ಇಲ್ಲೇ ಕುಂತಾರ!"

ಸುತ್ತ ಬಟ್ಟೆಗಳೊಳಗೆ ನಗು ಅಲುಗಾಡಿತು. ತಂಗಿಗೆ ನಗು ಬರಲಿಲ್ಲ. ಅವಳಿಗೆ ಈಗ ಸಿಟ್ಟು ಬಂದಿತ್ತು. "ಎರಡ ಸುಗ್ಗಿ ನಿಮ್ಮ ಮ್ಯಾಲ ಸಿಟ್ಟ ಮಾಡ್ಕೊಂಡು ಕುಂತಿದ್ನಲ್ಲ ವೈನಿ ನಾನು. ನಿಮಗ ಕೇಳಲಿ ಅಂತ ಬೆನ್ನ ಹಿಂದ ಏನೇನೋ ಅಂದೆ. ಒಂದರ ಗೊತ್ತಾತೇನು ನಿಮಗ?"

"ಇಲ್ಲ."

"ನೋಡಣ್ಣಾ! ಅಷ್ಟೂ ಸಿಟ್ಟು ದಂಡ ಹೋತು."

"ಏನಂದಿದ್ದಿ, ಈಗ ಹೇಳು," ಎಂದಳು ಹೆಂಡತಿ.

"ಈಗ್ಯಾಕ?"

"ಮಾರಿ ಮುಂದ ಕುಂತೀದಿ, ಬಾಯಿ ಕಾಣಾಕತ್ತೈತಿ. ಹೇಳು ಹೇಳು, ಕೇಳೂಣು."

ತಂಗಿ ಹೇಳಲು ಶುರುಮಾಡಿದಳು. ಎರಡು ಮಾತಿಗೊಮ್ಮೆ ಘಾಟು ಹಿಡಿದು ಸೀನುತ್ತಿದ್ದಳು. ಸೀನಿನ ನಡುವೆ ಸಿಕ್ಕಷ್ಟು ದೂರು ಹೇಳುತ್ತಿದ್ದಳು. ಸೊಕ್ಕು ಎಂದಿದ್ದಳಂತೆ. ಬೀಜದಂಗಡಿ ಸಾಹುಕಾರ್ತಿ ಎಂದಿದ್ದಳಂತೆ. ಹೆಂಡತಿ ಒಂದೊಂದಕ್ಕೂ "ಹೌದಾ? ಹಂಗಂದ್ಯಾ?" ಎನ್ನುತ್ತ ಅವಳ ತುಟಿಯಿಂದ ಕಣ್ಣು ತೆಗೆಯದೆ ಕೂತಿದ್ದಳು. ತನ್ನ ಬೈಗುಳಗಳನ್ನು ಅಷ್ಟು ಪ್ರೀತಿಯಿಂದ ಕೇಳಿಸಿಕೊಂಡವರನ್ನು ನಾನು ನೋಡಿಲ್ಲ.

ಇಷ್ಟನ್ನು ಬರೆದು ಹೆಂಡತಿಗೆ ಓದಲು ಕೊಟ್ಟೆ. ಓದಿ, "ಹಿಂಗ ಆಗಿಲ್ಲ," ಎಂದಳು.

"ಯಾವುದು ಆಗಿಲ್ಲ?"

"ನನಗ ಗೊತ್ತಾಗಿತ್ತು. ಕಾಯಿ ನಡಗಿದ್ದು ಕೈಗೆ ಹತ್ತಿತ್ತು. ನೀವು ಒತ್ತೀರಿ ಅಂತನೂ ಗೊತ್ತಾತು. ನಾ ಬೇಕಂತನ ಹೊಳ್ಳಲಿಲ್ಲ."

"ಯಾಕ?"

"ಸಾಕಾಗಿತ್ತು," ಎಂದಳು. ಹಾಳೆಯನ್ನು ಹಿಂದಿರುಗಿಸಿದಳು.

ಇದು ಅಂದಿನ ನೆನಪೋ, ಆಮೇಲೆ ಬೆಳೆದದ್ದೋ ತಿಳಿಯದು. ನಾನು ನೋಡಿದ್ದು ತಿರುಗದ ಒಂದು ಬೆನ್ನು. ಅದರ ಎದುರುಬದಿಯಲ್ಲಿ ಏನಿತ್ತೆಂದು ನಾನು ಹೇಳಲಾರೆ. ಮೇಲಿನದನ್ನು ತಿದ್ದಿಲ್ಲ, ಅವಳು ಹೇಳಿದ್ದನ್ನೂ ಬಿಟ್ಟಿಲ್ಲ. ಎರಡೂ ಇರಲಿ.

ಕಾಯಿ ಗಿಲಗಿಲ ಎಂದ ಜಾಗದಲ್ಲೇ ಸಿಕ್ಕ ವಾಚನ್ನು ಆ ದಿನವೇ ಹಾವೇರಿಗೆ ಒಯ್ದೆವು. ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಪಪ್ಪಾ, ಅಕ್ಕಿ ಬ್ಯಾಡ ಅಂದಿದ್ದೆ."

"ಅಕ್ಕ್ಯಾಗ ಇಟ್ಟಿಲ್ಲ," ಎಂದೆ.

ಸೀನುತ್ತ ಸೀನುತ್ತ ಅವಳು ಪಟ್ಟಿ ಬಿಚ್ಚಿದಳು. ಹಲ್ಲುಜ್ಜುವ ಹೊಸ ಬ್ರಷ್ಷಿನಿಂದ ತೂತುಗಳ ಸುತ್ತಲಿನ ಕೆಂಪು ಪುಡಿಯನ್ನು ಕೆಳಮುಖ ಹಿಡಿದು ಉದುರಿಸಿದಳು. ಊದಬೇಡಿ, ಊದಿದರೆ ಒಳಗೆ ಹೋಗುತ್ತದೆ ಎಂದು ನನ್ನ ಬಾಯಿ ಮುಚ್ಚಿಸಿದಳು. ಬಜಾರಿನ ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದಾಗ ಅವನು ಮೂಸಿ ನೋಡಿ, "ಬ್ಯಾಡಗಿಯವರೇನ್ರಿ?" ಎಂದು ಕೇಳಿದ. ಬಿಚ್ಚಬಹುದು, ಆದರೆ ಒಳಗಿನ ಗೋಂದು ಹರಿದರೆ ಮುಂದೆ ಒಂದು ಹನಿ ನೀರನ್ನೂ ತಡೆಯುವುದಿಲ್ಲ, ಬೇಕಾದರೆ ಕೆಲವು ದಿನ ಗಾಳಿಗಿಟ್ಟು ನೋಡಿ ಎಂದ. ಮಗಳ ಮನೆಯಲ್ಲಿ ಅದನ್ನು ಫ್ಯಾನಿನಡಿ ಇಟ್ಟೆವು. ಈ ಸಲ ಯಾರೂ ಸಹಾಯ ಮಾಡಲಿಲ್ಲ.

ಅದು ಬದುಕಿ ಬಂತು, ಪೂರ್ತಿಯಾಗಿ ಅಲ್ಲ. ಗಾಜಿನ ಒಂದು ಮೂಲೆಯಲ್ಲಿ ಮಂಜು ಹಾಗೇ ಉಳಿದಿದೆ. ನಡುಕ ಮೊದಲಿಗಿಂತ ಮೆತ್ತಗಾಗಿದೆ. ಕೆಲಸದಲ್ಲಿದ್ದರೆ ಅವಳಿಗೆ ತಿಳಿಯುವುದೇ ಇಲ್ಲ. ಬೆಣ್ಣೆ ಬಣ್ಣದ ಪಟ್ಟಿ ಕೆಂಪಾಗಿದೆ. ಎಣ್ಣೆ ಕುಡಿದಿದ್ದ ಪಟ್ಟಿ ಕಾಯಿಯ ಬಣ್ಣವನ್ನೆಲ್ಲ ಹೀರಿಕೊಂಡಿತ್ತು. ಮಗಳು ಹೊಸ ಪಟ್ಟಿ ತಂದುಕೊಟ್ಟಳು, ಅವಳು ಹಾಕಿಕೊಳ್ಳಲಿಲ್ಲ.

ನಾನು ಅಂಜಿದಷ್ಟು ಕೆಡಲಿಲ್ಲ. ಅವಳಿಗೆ ಬಚ್ಚಿಡುವುದು ತಪ್ಪಿದ ಮೇಲೆ ಮನೆಯಲ್ಲಿ ನನಗೆ ಕೂಗುವುದೂ ಬಹಳಷ್ಟು ತಪ್ಪಿತು. ಪಕ್ಕದ ಮನೆಯ ಬಾಯಿಯವರಿಗೆ ತಾನೇ ಹೋಗಿ ಹೇಳಿ ಬಂದಳು. ಅವರು ಈಗ ನನ್ನನ್ನು ನೋಡಿದರೆ ನಗುತ್ತಾರೆ. ಜನ ಎದುರಿಗೆ ಬಂದು ಮಾತಾಡುತ್ತಾರೆ. ಕೆಲವರು ಅವಳು ಹೆದರಿದಂತೆಯೇ ಬರೀ ಕೈಸನ್ನೆ ಮಾಡುತ್ತಾರೆ. ಅಂಥವರಿಗೆ ಅವಳೂ ಕೈಸನ್ನೆಯಲ್ಲೇ ಉತ್ತರ ಕೊಟ್ಟು ಕಳಿಸುತ್ತಾಳೆ.

ತಂಗಿ ಮಾತ್ರ ದಿನಾ ಮಧ್ಯಾಹ್ನ, ಶೆಡ್ಡಿನ ಕೆಲಸ ಮುಗಿಸಿ ಮುಖ ತೊಳೆದುಕೊಂಡು, ವಿಡಿಯೋ ಕಾಲ್ ಮಾಡುತ್ತಾಳೆ. ವೈನಿಗೆ ಸರಿಯಾಗಿ ಕಾಣಲಿ ಎಂದು ಫೋನನ್ನು ಎಷ್ಟು ಹತ್ತಿರ ಹಿಡಿಯುತ್ತಾಳೆಂದರೆ ಪರದೆಯ ತುಂಬ ಬಾಯಿಯೊಂದೇ ಇರುತ್ತದೆ: ಹಲ್ಲು, ನಾಲಿಗೆ, ಎಲೆಅಡಿಕೆಯ ಕೆಂಪು. ಹೆಂಡತಿ ಫೋನಿನ ದನಿಯನ್ನು ಪೂರಾ ಬಂದ್ ಮಾಡಿಬಿಡುತ್ತಾಳೆ. ಅವಳಿಗೆ ಅದರ ಅಗತ್ಯವಿಲ್ಲ. ಮೊನ್ನೆ ಊಟ ಮಾಡಿ ಅವಳ ಕುರ್ಚಿಯ ಹಿಂದೆ ಬಂದು ನಿಂತೆ. ನನ್ನ ತಂಗಿಯ ಬಾಯಿ ಸದ್ದಿಲ್ಲದೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಸೊಟ್ಟಗಾಗುತ್ತಿತ್ತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೊಂದು ಅಕ್ಷರವೂ ತಿಳಿಯಲಿಲ್ಲ. ಎದುರಿಗೆ ಬಂದು ನಿಂತು ಕೇಳಿದೆ.

"ಏನಂತಾಳ ಆಕಿ?"

ಅವಳು ಪರದೆಯಿಂದ ಕಣ್ಣೆತ್ತಿ ನನ್ನ ತುಟಿ ನೋಡಿದಳು.

"ನಿಮ್ಮ ಬಗ್ಗೆನ ಹೇಳಾಕತ್ತಾಳ," ಎಂದಳು. "ಸುಮ್ಕ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ಬಂದೀರಿ."